ಗುಡ್ಡದೊಳಗಿನ ತಂಪು

ಆಸ್ಟ್ರೇಲಿಯಾದ ಮರಳುಗಾಡಿನ ನಮ್ಮ ಕೂಬರ್ ಪೀಡಿಯಲ್ಲಿ ಬೇಸಿಗೆಗೆ ಹೆದರುವವರೆಂದರೆ ನೆಲದ ಮೇಲೆ ವಾಸ ಮಾಡುವವರು ಮಾತ್ರ. ಉಳಿದವರೆಲ್ಲ ಓಪಲ್ ಹರಳು ಹುಡುಕಲು ಬಂದು, ಗುಡ್ಡ ಕೊರೆದು, ಕೊರೆದ ಗುಡ್ಡದೊಳಗೇ ಸಂಸಾರ ಹೂಡಿದವರು. ಹೊರಗೆ ಹಕ್ಕಿ ಸತ್ತು ಬೀಳುವಂಥ ಬಿಸಿಲಿದ್ದರೂ ಒಳಗೆ ಮಲಗಲು ತೆಳುವಾದ ಹೊದಿಕೆ ಬೇಕು. ಫ್ಯಾನಿಲ್ಲ, ಕೂಲರ್ ಇಲ್ಲ, ಕರೆಂಟ್ ಬಿಲ್ಲು ಬಂತೆಂದು ಎದೆ ಹಿಡಿದುಕೊಳ್ಳುವುದೂ ಇಲ್ಲ. ದೆಸಾಂಕಾಳಿಗೂ ಅಂಥದೊಂದು ಮನೆ ಇತ್ತು. ಗಂಡ ಮಿಲೋಯೆ ತನ್ನ ಕೈಯಾರೆ ಕೊರೆದದ್ದು. ಅಡಿಗೆಮನೆಯ ಗೋಡೆಯಲ್ಲೇ ಅವಳಿಗೆಂದು ಕಪಾಟುಗಳನ್ನು ಕೆತ್ತಿ ಕೊಟ್ಟಿದ್ದ. ಹಾಗಿದ್ದೂ ಆ ಹೆಂಗಸು ಅದೇ ಮನೆಯ ಬಾಗಿಲೆದುರು ಒಂದು ತಗಡಿನ ಮನೆ ಹಾಕಿಸಿಕೊಂಡು, ಗಂಡನ ಜೊತೆ ಅದರಲ್ಲಿ ಬೇಯುತ್ತಿದ್ದಳು. ಊರವರು ನಕ್ಕರು. ನಗಲಿ ಬಿಡಿ, ನಗುವುದಕ್ಕೆ ಯಾರ ಅಪ್ಪನ ಗಂಟೂ ಹೋಗುವುದಿಲ್ಲ.

ಕಾರಣ ಊರಿಗೆಲ್ಲ ಗೊತ್ತಿತ್ತು. ಗಣಿಯೊಳಗೆ ಮೇಲಿನ ಮಣ್ಣು ಕುಸಿದು ಮಿಲೋಯೆ ಕುತ್ತಿಗೆಯವರೆಗೆ ಹೂತುಹೋಗಿದ್ದ. ಬೆಳಿಗ್ಗೆ ಹೂತವನನ್ನು ಹೊರಗೆ ತೆಗೆಯುವಷ್ಟರಲ್ಲಿ ಹೊತ್ತು ಮುಳುಗಿತ್ತು. ಮುರಿದ ಪಕ್ಕೆಲುಬುಗಳು ಕೂಡಿಕೊಂಡವು. ಆದರೆ ಆಸ್ಪತ್ರೆಯಿಂದ ಬಂದವನು ತನ್ನ ಮನೆಯ ಬಾಗಿಲಲ್ಲೇ ನಿಂತುಬಿಟ್ಟ. ಮೈಯೆಲ್ಲ ಬೆವರು. ಒಳಗೆ ಗಾಳಿಯೇ ಇಲ್ಲವೆಂದ. ಮಾಡಿಗೆ ಗಾಳಿಯ ಕೊಳವೆ ಕೊರೆದವನೇ ಅವನು, ಅವನ ಮುಂದೆ ಯಾರು ವಾದ ಮಾಡುತ್ತಾರೆ? ಆ ರಾತ್ರಿ ಅವನು ತನ್ನ ಹಳೆಯ ಜೀಪಿನಲ್ಲಿ ಮಲಗಿದ. ದೆಸಾಂಕಾ ತನ್ನ ದಿಂಬು ತಂದು ಪಕ್ಕದ ಸೀಟಿನಲ್ಲಿ ಒರಗಿದಳು. ತಗಡಿನ ಮನೆ ಎದ್ದದ್ದು ಹೀಗೆ.

ಆ ಮನೆಯನ್ನು ತಂಪಾಗಿಡುವುದೇ ಅವಳಿಗೊಂದು ಉದ್ಯೋಗವಾಯಿತು. ಮಾಡಿಗೆ ಸುಣ್ಣ ಬಳಿದಳು. ಪಡುವಣ ಗೋಡೆಗೆ ಬಿಸಿಲು ತಾಗದಂತೆ ಹಳೆಯ ಟಾರ್ಪಾಲು ಎಳೆದು ಕಟ್ಟಿದಳು. ಕಿಟಕಿಗಳಿಗೆ ಗೋಣಿಚೀಲ ಇಳಿಬಿಟ್ಟು, ಪಾತ್ರೆ ತೊಳೆದ ನೀರನ್ನೇ ಅದಕ್ಕೆ ಚಿಮುಕಿಸುತ್ತಿದ್ದಳು, ಯಾಕೆಂದರೆ ಇಲ್ಲಿ ನೀರಿಗೂ ಮೀಟರಿದೆ. ಒಲೆಯ ಕೆಲಸವೆಲ್ಲ ಬೆಳಕು ಹರಿಯುವ ಮೊದಲೇ ಮುಗಿಯಬೇಕು. ಬಿಸಿಲೇರುವ ಮುಂಚೆ ಬಾಗಿಲು ಕಿಟಕಿ ಭದ್ರ ಮಾಡಿದರೆ ರಾತ್ರಿಯ ತಂಪು ಮಧ್ಯಾಹ್ನದವರೆಗಾದರೂ ಒಳಗೆ ಉಳಿಯುತ್ತದೆ. ಅವಳು ಭದ್ರ ಮಾಡುತ್ತಿದ್ದಳು. ಮಿಲೋಯೆ ಹಿಂದಿನಿಂದ ಬಂದು ಒಂದೊಂದಾಗಿ ತೆರೆಯುತ್ತಿದ್ದ. ಮುಚ್ಚಿದ ಬಾಗಿಲು ಕಂಡರೆ ಅವನ ಉಸಿರು ಕಟ್ಟುತ್ತಿತ್ತು. ಇದೊಂದಕ್ಕೆ ಅವರಿಬ್ಬರಿಗೆ ದಿನಾ ಜಗಳ, ದಿನಾ ಗೆಲ್ಲುತ್ತಿದ್ದದ್ದು ಅವನೇ.

ಕೊನೆಗೆ ಒಂದು ನೀರಿನ ಕೂಲರ್ ಕೊಂಡರು. ಅದಕ್ಕೆ ಕಿಟಕಿ ತೆರೆದೇ ಇರಬೇಕಾದ್ದರಿಂದ ಮಿಲೋಯೆಗೆ ಅದು ಒಗ್ಗಿತು. ಬಿಲ್ಲು ಮಾತ್ರ ಅವನ ಪಿಂಚಣಿಯನ್ನು ಕಚ್ಚಿ ಕಚ್ಚಿ ತಿನ್ನತೊಡಗಿತು. ಆಗ ಇಬ್ಬರೂ ಬಾಯಿಬಿಟ್ಟು ಹೇಳದೆಯೇ ಒಂದು ಅಭ್ಯಾಸ ಮಾಡಿಕೊಂಡರು. ಅವನು ಅಂಗಡಿಗೆ ಹೋದರೆ ಅವಳು ಕೂಲರ್ ಆರಿಸುತ್ತಿದ್ದಳು. ಅವಳು ಆಚೆ ಹೋದರೆ ಅವನು ಆರಿಸುತ್ತಿದ್ದ. ಒಬ್ಬರಿಗಾಗಿ ಯಾಕೆ ದಂಡ ಎಂಬುದು ಇಬ್ಬರ ಲೆಕ್ಕ. ತಾನು ಆರಿಸಿದ್ದನ್ನು ಇನ್ನೊಬ್ಬರಿಗೆ ತಿಳಿಸುತ್ತಿರಲಿಲ್ಲ. ಕಾಲಿನ ಸಪ್ಪಳ ಕೇಳುತ್ತಲೇ ಮತ್ತೆ ಹಾಕಿಬಿಡುವುದು.

ಪಕ್ಕದ ಗುಡ್ಡದ ಕಿರಿಯಾಕಿ, ಗ್ರೀಕರವಳು, ನಾಲಿಗೆಗೆ ಮೂಳೆಯಿಲ್ಲದವಳು. ಬಂದಾಗಲೆಲ್ಲ ಸೆರಗಿಲ್ಲದಿದ್ದರೂ ಬೀಸಿಕೊಳ್ಳುವವಳಂತೆ ಕೈಯಾಡಿಸುತ್ತಿದ್ದಳು. "ಕೆಳಗೆ ಅರಮನೆ ಇಟ್ಕೊಂಡು ಬಾಣಲೇಲಿ ಮಲಗೋರನ್ನ ನಾನೆಲ್ಲೂ ನೋಡಿಲ್ಲ ಮಾರಾಯ್ತಿ," ಎನ್ನುತ್ತಿದ್ದಳು. ಮಿಲೋಯೆಗೂ ಅದು ಚುಚ್ಚುತ್ತಿತ್ತು. ನೀನಾದರೂ ಒಳಗೆ ಹೋಗಿ ಮಲಗು ಎಂದು ಹೆಂಡತಿಗೆ ಎಷ್ಟೋ ಸಲ ಹೇಳಿದ.

"ಒಬ್ಬಳೇ ಮಲಗೋಕೆ ಗಂಡ ಯಾಕೆ ಬೇಕಿತ್ತು?" ಎಂದಳು ದೆಸಾಂಕಾ. "ಸುಮ್ನೆ ಬಿದ್ಕೋ."

ಹೋದ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಡಾಕ್ಟರು ಅವಳನ್ನು ಬೇರೆ ಕರೆದು, ಮಿಲೋಯೆಯ ಹೃದಯ ಸೋತಿದೆ, ಇನ್ನೊಂದು ಬೇಸಿಗೆಯನ್ನು ಆ ತಗಡಿನ ಕೆಳಗೆ ಅವನು ತಡೆಯಲಾರ ಎಂದರು. ಬೇರೆ ಊರಿಗೆ ಹೋಗಲು ಅವರಿಗೆ ಯಾರಿದ್ದಾರೆ, ಏನಿದೆ? ಇದ್ದದ್ದು ಗುಡ್ಡದೊಳಗಿನ ಆ ತಂಪು ಒಂದೇ. ಬಿಸಿಲು ಬಲಿಯುವ ಮೊದಲು ಗಂಡನನ್ನು ಹೇಗಾದರೂ ಒಳಗೆ ಕರೆದೊಯ್ಯಬೇಕೆಂದು ದೆಸಾಂಕಾ ಹಟ ತೊಟ್ಟಳು.

ಅವಳು ಅವನನ್ನು ಎಳೆಯಲಿಲ್ಲ, ಅಳಲಿಲ್ಲ. ಬೆಳಗಿನ ಕಾಫಿಯನ್ನು ಒಳಮನೆಯ ಬಾಗಿಲಾಚೆ ಕುರ್ಚಿ ಹಾಕಿ ಅಲ್ಲಿ ಕೊಟ್ಟಳು, ಅಷ್ಟೇ. ಕೆಲವು ದಿನ ಕಳೆದ ಮೇಲೆ ಕುರ್ಚಿ ಹೊಸ್ತಿಲಿಗೆ ಬಂತು. ಮತ್ತೆ ಕೆಲವು ದಿನಕ್ಕೆ ಹೊಸ್ತಿಲು ದಾಟಿತು. ಅವನಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಿದ್ದೂ ಗೊತ್ತಿಲ್ಲದವನಂತೆ ಕೂರುತ್ತಿದ್ದ, ಕಣ್ಣನ್ನು ಬಾಗಿಲ ಬೆಳಕಿನಿಂದ ಕೀಳುತ್ತಿರಲಿಲ್ಲ. ತಪ್ಪಿ ಕಣ್ಣು ಗೋಡೆಯ ಕಡೆ ಹೊರಳಿದರೆ ಕಾಫಿ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ.

"ಗೋಡೆ ನೋಡ್ಬೇಡ, ನನ್ನ ಮುಖ ನೋಡು," ಎಂದಳು ಒಂದು ದಿನ.

"ನಿನ್ನ ಮುಖ ನೋಡಿದ್ರೆ ಇನ್ನೂ ಭಯ ಆಗುತ್ತೆ ಕಣೆ," ಎಂದ ಅವನು.

ಮದುವೆಯಾದ ಹೊಸದರಲ್ಲಿ ನಕ್ಕಂತೆ ನಕ್ಕರು ಇಬ್ಬರೂ. ನವೆಂಬರ್ ಮುಗಿಯುವಾಗ ಅವನು ಒಳಮನೆಯ ಮುಂಗೋಣೆಯಲ್ಲಿ ಕೂತು ಊಟ ಮಾಡುವಷ್ಟಾದ. ಒಂದು ಮಧ್ಯಾಹ್ನ ಅಲ್ಲಿಯೇ ತೂಕಡಿಸಿದ. ಅವನ ಗೊರಕೆ ಕೇಳುತ್ತ ದೆಸಾಂಕಾ ಅಡಿಗೆಮನೆಯಲ್ಲಿ ಅತ್ತಳು. ಅಷ್ಟು ಸಂತೋಷ ಅವಳಿಗೆ ಬಹಳ ಕಾಲದಿಂದ ಆಗಿರಲಿಲ್ಲ.

ತಪ್ಪಾದದ್ದು ಆ ಸಂತೋಷದಲ್ಲೇ. ಡಿಸೆಂಬರಿನಲ್ಲಿ ಅವರ ಮನೆದೇವರು ಸಂತ ನಿಕೋಲಾನ ಹಬ್ಬ. ಸರ್ಬಿಯಾದಿಂದ ಬಂದ ನಮ್ಮವರಲ್ಲಿ ಪ್ರತಿ ಮನೆತನಕ್ಕೂ ಒಬ್ಬ ಸಂತ, ಆ ಸಂತನಿಗೊಂದು ದಿನ. ಆ ದಿನಕ್ಕೆ ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ತಡೆಯುವುದೂ ಇಲ್ಲ. ಬಾಗಿಲು ತೆರೆದಿರಬೇಕು, ಮೇಣದ ಬತ್ತಿ ಉರಿಯುತ್ತಿರಬೇಕು, ಮನೆಯ ಯಜಮಾನ ಕೂರದೆ ನಿಂತು ಉಪಚಾರ ಮಾಡಬೇಕು. ತಗಡಿನ ಮನೆಯಲ್ಲಿ ಹಬ್ಬ ಮಾಡಿದ ವರ್ಷಗಳಲ್ಲಿ ಆ ಬತ್ತಿ ಬಿಸಿಗೆ ಬಾಗಿ ಮೇಜಿಗೆ ಮೂಗು ತಾಗಿಸುತ್ತಿತ್ತು. ಈ ವರ್ಷ ಒಳಗೆ ಮಾಡೋಣವೇ ಎಂದು ಅವಳು ಕೇಳಿದಳು. ಮಿಲೋಯೆ ಹೂಂ ಎಂದ.

ಅವನು ಒಳಗೆ ಹೋಗಿದ್ದಾನೆಂಬ ಸುದ್ದಿ ಊರೆಲ್ಲ ಹರಡಿತ್ತು. ಪ್ರೀತಿಯಿಂದಲೇ ಬಂದರು ಜನ, ಪ್ರತಿ ವರ್ಷಕ್ಕಿಂತ ಎರಡರಷ್ಟು. ಗಣಿಯ ಹಳೆಯ ಗೆಳೆಯರು, ಅವರ ಹೆಂಡಿರು ಮಕ್ಕಳು, ಕಿರಿಯಾಕಿ, ಪಾದ್ರಿಗಳು. ಮುಂಗೋಣೆ ತುಂಬಿತು. ಬತ್ತಿ ಹಿಡಿದು ಮಿಲೋಯೆ ನಡುವೆ ನಿಂತ, ಬಿಳಿ ಅಂಗಿ ತೊಟ್ಟಿದ್ದ. ಹಬ್ಬದ ರೊಟ್ಟಿಯನ್ನು ಪದ್ಧತಿಯಂತೆ ಕೈಗೂಡಿಸಿ ತಿರುಗಿಸಿ ಮುರಿಯಲೆಂದು ಎಲ್ಲರೂ ಹತ್ತಿರ ಸರಿದರು, ಹೊರಗಿದ್ದವರು ಬಾಗಿಲಿಗೆ ಒತ್ತಿ ನಿಂತರು. ಬಾಗಿಲ ಬೆಳಕು ಪೂರ್ತಿ ಮುಚ್ಚಿಹೋಯಿತು. ಎಲ್ಲದಕ್ಕೂ ಲೆಕ್ಕ ಹಾಕಿದ್ದ ದೆಸಾಂಕಾ ಇದೊಂದನ್ನು ಯೋಚಿಸಿರಲಿಲ್ಲ. ಯೋಚಿಸಿದ್ದರೂ ಹಬ್ಬದ ದಿನ ಬಾಗಿಲಿಗೆ ಬಂದವರನ್ನು ಆಚೆ ನಿಲ್ಲಿ ಎನ್ನಲು ನಮ್ಮವರ ಬಾಯಿಗೆ ಬರುತ್ತದೆಯೇ?

ಮಿಲೋಯೆಯ ಕೈಯಿಂದ ಬತ್ತಿ ಬಿತ್ತು. ಅವನು ಗೆಳೆಯರ ಎದೆಗೆ ಕೈಹಾಕಿ ತಳ್ಳಿದ, ಮೇಜು ಉರುಳಿತು, ಯಾರದೋ ಮಗು ಕಾಲ ಕೆಳಗೆ ಬಿದ್ದು ಚೀರಿತು. ಹೊರಗೆ ಬಿಸಿಲಲ್ಲಿ ಮಂಡಿಯೂರಿ ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಿದ್ದವನನ್ನು ಎಲ್ಲರೂ ನೋಡಿದರು. ಯಾರೂ ನಗಲಿಲ್ಲ, ಅದೇ ಅವನಿಗೆ ಹೆಚ್ಚು ನೋವು ಕೊಟ್ಟಿತು. ಜನ ಚದುರಿದ ಮೇಲೆ ಅವನು ಹೆಂಡತಿಯ ಕೈ ಹಿಡಿದುಕೊಂಡ.

"ಇನ್ನು ಕೇಳಬೇಡ ದೆಸಾ. ಬೇರೆ ಏನು ಬೇಕಾದ್ರೂ ಹೇಳು, ಮಾಡ್ತೀನಿ. ಮಣ್ಣಿನ ಕೆಳಗೆ ಮಾತ್ರ ನನ್ನನ್ನ ಕರೀಬೇಡ."

"ಕರೆಯಲ್ಲ," ಎಂದಳು ಅವಳು. "ಸತ್ಯವಾಗ್ಲೂ ಕರೆಯಲ್ಲ."

ಜನವರಿಯ ಬಿಸಿಲು ಶುರುವಾಯಿತು. ದೆಸಾಂಕಾ ರಾತ್ರಿಯೂ ಎದ್ದು ಅವನ ಹಾಸಿಗೆಯ ಬಟ್ಟೆ ಒದ್ದೆ ಮಾಡುತ್ತಿದ್ದಳು. ಹಗಲು ಅವನು ಮಲಗಿದರೆ ಇವಳು ಪಾದಕ್ಕೆ ತಣ್ಣೀರು ಒರೆಸುತ್ತಿದ್ದಳು. ಅವಳ ಕಣ್ಣಿನ ಸುತ್ತ ಕಪ್ಪುಗಟ್ಟಿತು. ಒಂದು ಮಧ್ಯಾಹ್ನ, ಅವನು ನಿದ್ದೆ ಹೋದನೆಂದುಕೊಂಡು, ಒಳಮನೆಯ ಕಪಾಟಿನಿಂದ ಮೆಣಸಿನಕಾಯಿ ಉಪ್ಪಿನಕಾಯಿ ತರಲು ಹೋದಳು. ಕೂಲರ್ ಓಡುತ್ತಿತ್ತು. ಒಳಗಿನ ತಂಪು ಮುಖಕ್ಕೆ ತಾಗಿತು. ಒಂದು ಗಳಿಗೆ ಕೂತುಕೊಳ್ಳೋಣವೆಂದು ಮುಂಗೋಣೆಯಲ್ಲಿದ್ದ ಅವನದೇ ಕುರ್ಚಿಯಲ್ಲಿ ಕೂತಳು. ಅಷ್ಟು ರಾತ್ರಿಗಳ ನಿದ್ದೆ ಅವಳನ್ನು ಬಿಡಲಿಲ್ಲ.

ಎಚ್ಚರವಾದಾಗ ಬಾಗಿಲಾಚೆಯ ನೆರಳು ಉದ್ದವಾಗಿತ್ತು. ಅವಳು ಓಡಿದಳು. ತಗಡಿನ ಮನೆ ನಿಶ್ಶಬ್ದವಾಗಿತ್ತು. ಆ ನಿಶ್ಶಬ್ದವೇನೆಂದು ಅವಳಿಗೆ ಮೆಟ್ಟಿಲ ಮೇಲೆಯೇ ಗೊತ್ತಾಯಿತು. ಅವಳು ಆಚೆ ಹೋದದ್ದನ್ನು ಅರೆನಿದ್ದೆಯಲ್ಲಿ ಕಂಡು ಮಿಲೋಯೆ ಎದ್ದು ಕೂಲರ್ ಆರಿಸಿದ್ದ. ಈಗ ಬರುತ್ತಾಳೆ, ಬಂದ ಮೇಲೆ ಹಾಕಿದರಾಯಿತು ಎಂದುಕೊಂಡಿದ್ದಿರಬೇಕು. ಬಾಗಿಲ ಕಡೆ ಮುಖ ಮಾಡಿ, ಸ್ವಿಚ್ಚಿನ ಪಕ್ಕದಲ್ಲೇ ಗೋಡೆಗೊರಗಿ ಕೂತಿದ್ದ. ಅವನ ಮೈ ಕಾದಿತ್ತು, ಉಸಿರು ನಿಂತಿತ್ತು. ದೆಸಾಂಕಾ ಕೂಲರ್ ಹಾಕಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಕಿರಿಯಾಕಿ ಬಂದು ನೋಡುವವರೆಗೂ ಹಾಗೇ ಕೂತಿದ್ದಳು.

ನಮ್ಮ ಚರ್ಚೂ ಗುಡ್ಡದೊಳಗೇ ಇದೆ. ಅಲ್ಲಿಗೆ ಶವ ಒಯ್ಯಲು ಅವಳು ಬಿಡಲಿಲ್ಲ. ಪಾದ್ರಿಗಳು ಒಳ್ಳೆಯವರು, ಬಿಸಿಲಲ್ಲೇ ನಿಂತು ಪ್ರಾರ್ಥನೆ ಹೇಳಿದರು. ಸುಡಬಹುದೇ ಎಂದೂ ಅವಳು ಕೇಳಿದಳು. ಅದು ನಮ್ಮ ಪದ್ಧತಿಯಲ್ಲ ಎಂದು ಅವರು ತಲೆ ತಗ್ಗಿಸಿದರು. ಮಿಲೋಯೆಗೂ ತನ್ನ ಪದ್ಧತಿ ಬಿಟ್ಟು ಹೋಗಲು ಇಷ್ಟವಿರಲಿಲ್ಲವೆಂದು ಅವಳಿಗೇ ಗೊತ್ತಿತ್ತು. ಹಾಗಾಗಿ ಊರಾಚೆಯ ಸ್ಮಶಾನದಲ್ಲಿ ಗುಂಡಿ ತೋಡಿದರು, ಪೆಟ್ಟಿಗೆ ಇಳಿಸಿದರು. ಇಳಿಯುವುದನ್ನು ಅವಳು ಕಣ್ಣು ಮುಚ್ಚದೆ ನೋಡಿದಳು.

ಹತ್ತಿರದವರು ಒಂದೊಂದು ಹಿಡಿ ಮಣ್ಣು ಹಾಕಬೇಕು, ಮೊದಲ ಹಿಡಿ ಹೆಂಡತಿಯದು. ದೆಸಾಂಕಾ ಬಗ್ಗಿ ಮಣ್ಣು ತೆಗೆದುಕೊಂಡಳು. ಬಿಸಿಲಿಗೆ ಕಾದು ಅದು ಕೈ ಸುಡುತ್ತಿತ್ತು. ಜನ ಕಾದರು. ಅವಳು ಮುಷ್ಟಿ ಬಿಚ್ಚಲಿಲ್ಲ. ಕಿರಿಯಾಕಿ ಅವಳ ಭುಜ ಹಿಡಿದುಕೊಂಡಳು.

"ನನ್ನ ಕೈಯಿಂದ ಆಗಲ್ಲ ಕಿರಿಯಾಕಿ," ಎಂದಳು ದೆಸಾಂಕಾ. "ಕರೆಯಲ್ಲ ಅಂತ ಹೇಳಿದ್ದೆ ಅವನಿಗೆ."

ಪಾದ್ರಿಗಳು ಸನ್ನೆ ಮಾಡಿದರು. ಗೆಳೆಯರು ಒಬ್ಬೊಬ್ಬರಾಗಿ ಮುಂದೆ ಬಂದು ಮಣ್ಣು ಹಾಕಿದರು, ಆಮೇಲೆ ಸಲಿಕೆ ಹಿಡಿದರು. ಪೆಟ್ಟಿಗೆಯ ಮೇಲೆ ಮಣ್ಣು ಬಿದ್ದಾಗಲೆಲ್ಲ ಅವಳು "ಮೆಲ್ಲಗೆ ಹಾಕ್ರಪ್ಪ, ಮೆಲ್ಲಗೆ" ಎನ್ನುತ್ತಿದ್ದಳು.