ಒಣ ನಾಲೆಯೊಳಗಿನ ಕಚೇರಿ

ಒಣಗಿದ ನಾಲೆಯನ್ನು ನಂಬಿ ಅದರೊಳಗೆ ಕುರ್ಚಿ ಹಾಕಬೇಡಿ. ಈ ಮಾತನ್ನು ಈಗ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತೇನೆ. ಕೇಳದವರಿಗೂ ಹೇಳುತ್ತೇನೆ.

ಮಂಡ್ಯದ ಅಂಚಿನ ನಮ್ಮ ಬಡಾವಣೆಯ ಪಾರ್ಕಿಗೂ ಗದ್ದೆ ಬಯಲಿಗೂ ನಡುವೆ ಒಂದು ಸೀಳುನಾಲೆ ಇದೆ. ಎರಡೂ ಬದಿಗೆ ಕಾಂಕ್ರೀಟು, ಪಾರ್ಕಿನ ಕಡೆ ಬಟ್ಟೆ ಒಗೆಯುವ ಮೆಟ್ಟಿಲು. ನೀರು ಬರುವ ಕಡೆ ಒಂದು ತಿರುವು, ಹೋಗುವ ಕಡೆ ಒಂದು ಸೇತುವೆ. ಬೇಸಿಗೆಯಲ್ಲಿ ಅದು ಕೆಲವು ದಿನ ಹರಿಯುತ್ತದೆ, ಹೆಚ್ಚು ದಿನ ಒಣಗಿರುತ್ತದೆ.

ಬಡಾವಣೆಯ ಪಿಟೀಲು ಮೇಷ್ಟ್ರಿಗೆ ಬೇಸಿಗೆಯ ಭಾನುವಾರಗಳ ಸಂಜೆ ಪಾರ್ಕಿನಲ್ಲಿ ಸಣ್ಣ ಕಚೇರಿ ನಡೆಸುವ ಆಸೆ. ಒಂದು ಪಿಟೀಲು, ಒಂದು ವೀಣೆ, ಒಂದು ಮೃದಂಗ, ಬಂದವರಿಗೆಲ್ಲ ಪುಕ್ಕಟೆ. ಏರ್ಪಾಡು ನನ್ನ ತಲೆಗೆ ಬಂತು. ಬೆಲ್ಲದ ಮಂಡಿಯಲ್ಲಿ ಮೂಟೆ ಹೊತ್ತು ಶುರುಮಾಡಿ ಅದೇ ಮಂಡಿಯಲ್ಲಿ ದರ ಕೂಗುವವನಾದ ನನಗೆ ರಾಗ ತಿಳಿಯದಿದ್ದರೂ ಏರ್ಪಾಡು ತಿಳಿಯುತ್ತದೆ. ಮೈಕು ಬೇಡ ಎಂದೆ. ಮೈಕಿದ್ದರೆ ಪರ್ಮಿಷನ್ನು, ಪರ್ಮಿಷನ್ನಿದ್ದರೆ ಓಡಾಟ. ಬಿಟ್ಟಿ ಕೆಲಸಕ್ಕೆ ಓಡಾಟ ಸೇರಿಸಿದರೆ ಅದು ಎರಡನೇ ವಾರಕ್ಕೆ ನಿಲ್ಲುತ್ತದೆ.

ಆದರೆ ಮೈಕಿಲ್ಲದ ಪಿಟೀಲು ಹುಡುಗರ ಕ್ರಿಕೆಟ್ಟಿನ ಗದ್ದಲದಲ್ಲಿ ಹತ್ತು ಮಾರು ದಾಟಲಿಲ್ಲ. ಮೇಷ್ಟ್ರು ಬಿಸಿಲು ತಪ್ಪಿಸಿಕೊಳ್ಳಲು ಹೊಂಗೆಮರದ ಕೆಳಗಿನ ಮೆಟ್ಟಿಲಿಗೆ ಇಳಿದು ಶ್ರುತಿ ಮಾಡಿಕೊಂಡಾಗಲೇ ಗೊತ್ತಾದದ್ದು: ನಾಲೆಯ ಗೋಡೆಗಳು ದನಿಯನ್ನು ಚೆಲ್ಲದೆ ಹಿಡಿದುಕೊಂಡವು. ಅಂದಿನಿಂದ ವಾದ್ಯದವರು ಕೊನೆಯ ಮೆಟ್ಟಿಲ ಮೇಲೆ, ಜನ ಮೇಲಿನ ಮೆಟ್ಟಿಲುಗಳಲ್ಲಿ, ನಾಲೆಯ ತಳದಲ್ಲಿ ನಮ್ಮವ್ವನ ಕುರ್ಚಿ.

ಅವ್ವನಿಗೆ ಮಂಡಿನೋವು, ಕಿವಿ ಮಂದ. ಕಿವಿಗೆ ಹಾಕುವ ಮಿಷನ್ನು ಕೊಡಿಸಿದ್ದೆ. ಪಾತ್ರೆ ಬಿದ್ದ ಹಾಗೆ ಕೇಳುತ್ತದೆ ಎಂದು ಬೀರುವಿನಲ್ಲಿಟ್ಟಳು. ಮನೆಯಲ್ಲಿ ನಾವು ಮಾತಾಡುವುದೂ ಅವಳಿಗೆ ಅರ್ಧಂಬರ್ಧ. ನಾಲೆಯೊಳಗೆ ಮಾತ್ರ ಅವಳ ಮುಖ ಬೇರೆಯಾಗುತ್ತಿತ್ತು.

"ಮ್ಯಾಲೆ ಕುಂತ್ರೆ ಬರೀ ಕೈ ಆಡ್ಸೋದು ಕಾಣ್ತದೆ. ಇಲ್ಲಿ ಕೇಳ್ತದೆ ಕಣ್ಲಾ," ಎಂದಿದ್ದಳು.

ಒಂದು ಭಾನುವಾರ ಬೆಳಿಗ್ಗೆ ನೀರುಗಂಟಿ ಸಿಕ್ಕಿದ. ನಾಲೆಯ ತೂಬು ತೆಗೆಯುವುದು, ಮುಚ್ಚುವುದು ಅವನ ಕೆಲಸ.

"ಸಾವ್ಕಾರ್ರೆ, ದೊಡ್ಡ ನಾಲೇಲಿ ನೀರು ಬಂದದೆ. ಸಂಜೆಗೆ ಈ ಕಡೆ ಬುಡ್ಬೇಕು."

"ಸಂಜೆ ಕಚೇರಿ ಅದೆ. ಮುಗುದ್ಮೇಲೆ ಬುಡ್ಲಾ."

"ಮೇಲ್ಗಡೆ ಊರೋರು ಸುಮ್ಕಿದ್ದಾರಾ? ಕಬ್ಬು ಸುರುಟ್ಕಂಡದೆ ಅಂತ ತೂಬಿನ ತಾವೇ ಕುಂತವ್ರೆ."

"ಕತ್ಲಾದ್ಮೇಲೆ ನೀರು ಕೊಟ್ರೆ ಕಬ್ಬೇನು ಮುನಿಸ್ಕಂಡು ಎದ್ದೋಯ್ತದಾ?"

ಅವನು ನಕ್ಕ. ವ್ಯಾಪಾರದಲ್ಲಿ ಎದುರಿನವನು ನಕ್ಕರೆ ಅರ್ಧ ಮುಗಿದಂತೆ. ಕಚೇರಿ ಮುಗಿಯುವ ತನಕ ತೂಬು ಮುಟ್ಟುವುದಿಲ್ಲ ಎಂದು ಒಪ್ಪಿಸಿದೆ. ಒಪ್ಪಿದವನು ಮನಸ್ಸು ಬದಲಿಸಬಾರದೆಂದು ಸಂಜೆ ಕಚೇರಿಗೇ ಕರೆದು ಅವ್ವನ ಪಕ್ಕದ ಕುರ್ಚಿಯಲ್ಲಿ ಕೂರಿಸಿದೆ. ತೂಬಿನ ಬೀಗದ ಕೀಲಿ ಅವನ ಜೇಬಿನಲ್ಲಿ, ಅವನು ನಮ್ಮ ಜೊತೆ ನಾಲೆಯ ತಳದಲ್ಲಿ. ಇದಕ್ಕಿಂತ ಜಾಮೀನು ಇನ್ನೇನು ಬೇಕು?

ಅಂದು ಸೆಕೆ ಹೆಚ್ಚು. ಮೋಡವಿರಲಿಲ್ಲ, ಆದರೂ ಒದ್ದೆ ಮಣ್ಣಿನ ವಾಸನೆ ಸುಳಿಯುತ್ತಿತ್ತು. ಎದುರು ಗೋಡೆಯಲ್ಲಿ ಇರುವೆಸಾಲು ಮೊಟ್ಟೆ ಕಚ್ಚಿಕೊಂಡು ಮೇಲೇರುತ್ತಿತ್ತು. ಗೂಡಿಗೆ ಹೋಗಬೇಕಾದ ಬೆಳ್ಳಕ್ಕಿಗಳು ನಮ್ಮ ತಲೆಯ ಮೇಲೆ ಹಾರಿ, ತಿರುವಿನಾಚೆ ನಾಲೆಯೊಳಗೇ ಇಳಿದವು. ಇವೆಲ್ಲ ಕಂಡವು, ಕೂಡಿಸಿ ನೋಡುವ ಬುದ್ಧಿ ಯಾರಿಗೂ ಬರಲಿಲ್ಲ. ಮೇಷ್ಟ್ರು ಕಣ್ಣು ಮುಚ್ಚಿ ಆಲಾಪನೆ ಎಳೆಯುತ್ತಿದ್ದರು.

ಅವ್ವ ನನ್ನ ಪಂಚೆ ಜಗ್ಗಿದಳು. "ಅದೇನ್ಲಾ ಅದು, ತರಗು ಗುಡಿಸ್ದಂಗೆ?"

"ಮೃದಂಗ ಕಣವ್ವ. ಸುಮ್ಕಿರು."

"ಮೃದಂಗದೋರು ಕೈ ಕಟ್ಕಂಡು ಕುಂತವ್ರಲ್ಲ."

ನೋಡಿದೆ. ಮೃದಂಗದವರ ಎರಡು ಕೈಯೂ ಮಡಿಲಲ್ಲಿದ್ದವು. ಪಿಟೀಲು ಉಸಿರು ತೆಗೆದುಕೊಂಡ ಒಂದು ಕ್ಷಣದಲ್ಲಿ ನನಗೂ ಕೇಳಿತು. ತಿರುವಿನ ಆಚೆಯಿಂದ ಗೋಡೆಗೆ ತಾಗಿಕೊಂಡು ಬರುತ್ತಿದ್ದ ಸರಬರ ಸದ್ದು.

ನೀರುಗಂಟಿ ಎದ್ದು ನಿಂತ. ಜೇಬು ಮುಟ್ಟಿ ನೋಡಿಕೊಂಡ. "ಕೀಲಿ ಇಲ್ಲೇ ಅದಲ್ಲ," ಎಂದ.

ಕೀಲಿ ಇಲ್ಲಿತ್ತು. ಅವನೂ ಇಲ್ಲಿದ್ದ. ತೂಬಿನ ಹತ್ತಿರ ಬೇಡವೆನ್ನುವವರು ಯಾರೂ ಇರಲಿಲ್ಲ, ಮೇಲ್ಗಡೆಯವರು ಬೀಗ ಒಡೆದಿದ್ದರು.

ನೀರು ನುಗ್ಗಿ ಬರಲಿಲ್ಲ. ಸಂಜೆ ದನ ಕೊಟ್ಟಿಗೆಗೆ ಬರುವ ಹಾಗೆ, ದಾರಿ ಗೊತ್ತಿರುವ ಗತಿಯಲ್ಲಿ ಬಂತು. ಮುಂದೆ ಬೆಳ್ಳಕ್ಕಿಗಳು, ಅವುಗಳ ಹಿಂದೆ ತರಗೆಲೆ, ನೊರೆ, ಹಾಲಿನ ಖಾಲಿ ಪೊಟ್ಟಣ. ನಾನೂ ನೀರುಗಂಟಿಯೂ ಕುರ್ಚಿ ಸಮೇತ ಅವ್ವನನ್ನು ಎತ್ತುವಷ್ಟರಲ್ಲಿ ಹಿಮ್ಮಡಿ ಮುಳುಗಿತ್ತು, ಮೆಟ್ಟಿಲು ಮುಟ್ಟುವಷ್ಟರಲ್ಲಿ ಮೊಣಕಾಲು. ಮೃದಂಗ ಎತ್ತಿಕೊಂಡವರು, ವೀಣೆ ಎತ್ತಿಕೊಂಡವರು ಆಗಲೇ ಮೇಲಿನ ಮೆಟ್ಟಿಲು ಸೇರಿದ್ದರು. ನೀರುಗಂಟಿ ಕೂತಿದ್ದ ಖಾಲಿ ಕುರ್ಚಿ ಒಮ್ಮೆ ನಮ್ಮ ಕಡೆ ತಿರುಗಿ, ಸೇತುವೆಯ ಕೆಳಗಿನ ಕತ್ತಲೆಗೆ ಹೋಯಿತು.

ಮುಂದಿನ ವಾರಗಳಲ್ಲಿ ಕಚೇರಿ ಪಾರ್ಕಿನ ಹುಲ್ಲಿನ ಮೇಲೆ ನಡೆಯಿತು. ಅವ್ವ ಮುಂದಿನ ಸಾಲಿನಲ್ಲಿ ಕೂತು ಬರೀ ಕೈಗಳನ್ನು ನೋಡಿದಳು. ಮೇಷ್ಟ್ರನ್ನು ಮನೆಗೇ ಕರೆಸುತ್ತೇನೆ ಎಂದೆ, ಬೇರೆ ಮಿಷನ್ನು ಕೊಡಿಸುತ್ತೇನೆ ಎಂದೆ. ಜಗ್ಗಲಿಲ್ಲ. ದಿನವೂ ಒಂದೇ ಪ್ರಶ್ನೆ: "ನೀರು ನಿಂತದಾ?"

ಬೇಸಿಗೆಯ ಕೊನೆಯ ಕಚೇರಿಯ ಹೊತ್ತಿಗೆ ನೀರು ನಿಂತಿತ್ತು. ಇಳಿದು ನೋಡಿದೆ. ಗೋಡೆಯ ಮೇಲೆ ಕೆಸರಿನ ಗೆರೆ, ಅವ್ವ ಕೂತರೆ ಅವಳ ತಲೆಗಿಂತ ಒಂದು ಗೇಣು ಮೇಲೆ. ಅವಳಿಗೂ ತೋರಿಸಿದೆ.

"ಕಂಡೆ ಬುಡು," ಎಂದಳು. "ಅವತ್ತು ಮೊದ್ಲು ಕೇಳ್ಸಿದ್ದು ಯಾರ್ಗ್ಲಾ?"

ನಾನೇ ದರ ಇಳಿಸಿದೆ. ತಳಕ್ಕೆ ಬೇಡ, ಕೊನೆಯ ಮೆಟ್ಟಿಲಿಗೆ ಆಗಬಹುದು ಎಂದು ಇತ್ಯರ್ಥವಾಯಿತು. ಮೇಷ್ಟ್ರೂ ಒಪ್ಪಿದರು. ನೀರುಗಂಟಿಯನ್ನು ಕರೆಯಲಿಲ್ಲ, ತೂಬಿನ ಹತ್ತಿರವೇ ಇರು ಎಂದೆ. ಅವ್ವ ವಾದ್ಯದವರ ಪಕ್ಕ ಕೂತಳು. ನಾನು ಅವಳಿಗಿಂತ ಕೆಳಗೆ, ನಾಲೆಯ ತಳದಲ್ಲಿ ಬರಿಗಾಲೂರಿ ಕೂತೆ. ಅವ್ವ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ನಾನು ರಾಗ ಕೇಳಲಿಲ್ಲ. ಮೃದಂಗದವರ ಕೈ ನೋಡುತ್ತಿದ್ದೆ, ಅದು ನಿಂತಾಗಲೆಲ್ಲ ತಿರುವನ್ನು ನೋಡುತ್ತಿದ್ದೆ.