ಗಾಜಿನ ಒಳಗೆ ಅಂಟಿಸಿದ ಕಾಗದ

ನಾನು ಕ್ಷಮಿಸುವ ಪೈಕಿ ಅಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ಓದುವವರಿಗೆ ಸುಲಭ. ನಾಲ್ಕನೇ ಕ್ಲಾಸಿನಲ್ಲಿ ಬೇಕೆಂದೇ ನನ್ನ ಕೊಡೆಯ ಕಡ್ಡಿ ಮುರಿದವಳ ಮುಖ ಇವತ್ತಿಗೂ ಕಣ್ಣಮುಂದಿದೆ. ಅವಳ ಮದುವೆಗೆ ಕರೆದರೂ ನಾನು ಹೋಗಲಿಲ್ಲ. ತಾಳಿದವನು ಬಾಳಿಯಾನು ಎಂದು ಅಮ್ಮ ಹೇಳುತ್ತಿದ್ದಳು. ತಾಳುವುದು ನನಗೂ ಬರುತ್ತದೆ, ಆದರೆ ಅಮ್ಮ ಹೇಳಿದ ಕಾರಣಕ್ಕಲ್ಲ.

ಎರಡು ಸಾವಿರದ ಏಳು, ಎಂಟನೇ ಇಸವಿಯ ಸುಮಾರು. ಕೊಚ್ಚಿಯ ಕಲೂರಿನಲ್ಲಿ ನಾನೂ ಒಬ್ಬ ಗೆಳೆಯನೂ ಸೇರಿ ಕಿಟಕಿ ಗಾಜು ಒರೆಸುವ ಕೆಲಸ ಶುರು ಮಾಡಿದ್ದೆವು. ಅವನು ಕಾಸರಗೋಡಿನ ಕಾಲೇಜಿನಲ್ಲಿ ನನ್ನ ಸಹಪಾಠಿ. ನಾನು ಅದಕ್ಕೂ ಮೊದಲು ಮನೆ ಶುಚಿ ಮಾಡಲು ಆಳುಗಳನ್ನು ಕಳಿಸುವ ಏಜೆನ್ಸಿಯೊಂದರಲ್ಲಿ ಇದ್ದೆ. ಗಾಜಿನ ಕೆಲಸವನ್ನು ಅಲ್ಲಿಯೇ ಕೈಗೆ ಹತ್ತಿಸಿಕೊಂಡಿದ್ದೆ. ಬಿಸಿಲು ಬಿದ್ದ ಗಾಜಿಗೆ ಸೋಪು ಹಚ್ಚಬಾರದು, ಒಣಗಿ ಕಲೆಯಾಗುತ್ತದೆ. ಪೇಂಟಿನ ಚುಕ್ಕೆ ತೆಗೆಯುವ ಬ್ಲೇಡನ್ನು ಒದ್ದೆ ಗಾಜಿನ ಮೇಲೆ ಮಾತ್ರ, ಮಲಗಿಸಿ ಓಡಿಸಬೇಕು. ಹಿನ್ನೀರಿನ ಕಡೆಗಿರುವ ಫ್ಲ್ಯಾಟುಗಳಲ್ಲಿ ಉಪ್ಪಿನ ಪೊರೆ. ವಲ್ಲಾರ್ಪಾಡಂ ಬಂದರಿನ ಕಾಮಗಾರಿಗೆ ಲಾರಿಗಳು ಓಡಾಡುತ್ತಿದ್ದ ದಾರಿಯಲ್ಲಿ ಕೆಂಪು ಧೂಳು. ಒಂದಕ್ಕೆ ವಿನೆಗರ್, ಇನ್ನೊಂದಕ್ಕೆ ಬರೀ ನೀರು ಮತ್ತು ತಾಳ್ಮೆ. ಇದೆಲ್ಲ ನನ್ನ ಪಾಲು. ಗಿರಾಕಿಗಳನ್ನು ಹುಡುಕುವುದು ಅವನ ಪಾಲು.

ಆಗ ಇಂಟರ್ನೆಟ್ಟಿನಲ್ಲಿ ಎಲ್ಲರೂ ಮುಗಿಬಿದ್ದಿದ್ದ ಒಂದು ಸ್ನೇಹದ ತಾಣವಿತ್ತು. ಇವರ ಪುಟಕ್ಕೆ ಅವರು ಹೋಗಿ ಸ್ಕ್ರ್ಯಾಪ್ ಎಂಬ ನಾಲ್ಕು ಸಾಲಿನ ಓಲೆ ಬರೆಯುವುದು, ಫೋಟೊ ಹಾಕುವುದು, ಹತ್ತು ಜನ ಸೇರಿಕೊಂಡು ಕಮ್ಯುನಿಟಿ ಕಟ್ಟುವುದು. ಸ್ಟೇಡಿಯಂ ಕೆಳಗಿನ ಅಂಗಡಿ ಸಾಲಿನ ಇಂಟರ್ನೆಟ್ ಕೆಫೆಯಲ್ಲಿ ಕೂತು ಅವನು ನಮ್ಮ ಕೆಲಸಕ್ಕೂ ಒಂದು ಕಮ್ಯುನಿಟಿ ತೆರೆದ. ಒರೆಸುವ ಮೊದಲು ಒಂದು ಫೋಟೊ, ಒರೆಸಿದ ಮೇಲೆ ಒಂದು. ಅದನ್ನು ನೋಡಿ ಜನ ಕರೆಯತೊಡಗಿದರು. ಅವನ ಬುದ್ಧಿ ಚುರುಕು, ಅದನ್ನು ನಾನು ಯಾವತ್ತೂ ಇಲ್ಲ ಎಂದಿಲ್ಲ.

ಕರೆದವರಲ್ಲಿ ಐಟಿ ಪಾರ್ಕಿನ ಕನ್ನಡದ ಹುಡುಗ ಹುಡುಗಿಯರು ಬಹಳ. ಕೆಲವರಿಗೆ ಕನ್ನಡ ಲಿಪಿಯಲ್ಲಿಯೇ ಬರೆಯುವ ಹುಮ್ಮಸ್ಸು. ಇವನೋ ಮಲಯಾಳಂ ಮೀಡಿಯಂನಲ್ಲಿ ಕಲಿತವನು. ಅಂಗಡಿ ಬಾಗಿಲಲ್ಲಿ, ಆಟದ ಬಯಲಲ್ಲಿ ಕಲಿತ ಕನ್ನಡವನ್ನು ಸೊಗಸಾಗಿ ಆಡುತ್ತಿದ್ದ, ಆದರೆ ಒಂದಕ್ಷರ ಓದಲು ಬಾರದು. ನಮ್ಮ ಕಡೆ ಇಂಥವರು ಮನೆಗೊಬ್ಬರು ಸಿಗುತ್ತಾರೆ. ಕನ್ನಡದ ಸ್ಕ್ರ್ಯಾಪ್ ಬಂದರೆ ನನ್ನನ್ನು ಕರೆಯುತ್ತಿದ್ದ: "ಬಾ ಮಾರಾಯ್ತಿ, ಪುನಃ ಜಿಲೇಬಿ ಸುತ್ತಿ ಇಟ್ಟಿದ್ದಾರೆ, ಎಂಥ ಅಂತ ಓದಿ ಹೇಳು." ಮಲಯಾಳದ ಲಿಪಿ ಓದುವವನು ಕನ್ನಡವನ್ನು ಜಿಲೇಬಿ ಎನ್ನುವುದು! ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ತಟ್ಟೆಯ ನೊಣ ಕಾಣುತ್ತದಂತೆ. ನಾನು ನಕ್ಕು ಓದಿ ಹೇಳುತ್ತಿದ್ದೆ. ಹೇಳಿದ್ದನ್ನು ಅವನು ಒಂದು ದಿನವೂ ಅನುಮಾನಿಸಿದ್ದಿಲ್ಲ.

ಒಂದೂವರೆ ವರ್ಷ ಹೀಗೆ ನಡೆಯಿತು. ಒಂದು ಬೆಳಿಗ್ಗೆ ಕೆಫೆಯಲ್ಲಿ ಕೂತು ನೋಡುತ್ತೇನೆ, ಕಮ್ಯುನಿಟಿಯಲ್ಲಿ ನಾನಿಲ್ಲ. ಕಮ್ಯುನಿಟಿಗೆ ಒಡೆಯ ಒಬ್ಬನೇ. ಅವನು ಬೇಡ ಎಂದವರನ್ನು ಒಂದು ಬೆರಳಿನಿಂದ ಹೊರಹಾಕಬಹುದಿತ್ತು. ನನ್ನ ಫೋನ್ ನಂಬರ್ ತೆಗೆದಿದ್ದ. ನಾಲ್ಕನೇ ಮಹಡಿಯಲ್ಲಿ ಬೆಲ್ಟು ಬಿಗಿದು ನಾನು ಹೊರಗೆ ಬಾಗಿದ್ದ ಫೋಟೊವನ್ನು ಕತ್ತರಿಸಿ, ವೈಪರ್ ಹಿಡಿದ ಕೈಯನ್ನಷ್ಟೇ ಉಳಿಸಿದ್ದ. ಫೋನ್ ಮಾಡಿದೆ, ಎತ್ತಲಿಲ್ಲ. ಕೋಣೆಗೆ ಹೋದೆ, ಬೀಗ. ಎರಡು ದಿನದ ಮೇಲೆ ಬೇಕರಿಯಲ್ಲಿ ಸಿಕ್ಕಿದ ಹಳೆಯ ಗಿರಾಕಿಯೊಬ್ಬಳು ನನ್ನ ಕೈ ಹಿಡಿದು ಶುಭ ಕೋರಿದಳು. ನನಗೆ ಮದುವೆಯಾಯಿತು, ಇನ್ನು ಕೆಲಸಕ್ಕೆ ಬರುವುದಿಲ್ಲ ಎಂದು ಅವನು ಎಲ್ಲರಿಗೂ ಹೇಳಿದ್ದನಂತೆ. ಗಂಡ ಏನು ಮಾಡುತ್ತಾನೆ ಎಂದೂ ಆಕೆ ಕೇಳಿದಳು.

ಕೆಲಸ ಕಿತ್ತುಕೊಂಡಿದ್ದರೆ ಬಹುಶಃ ಬೈದು ಸುಮ್ಮನಾಗುತ್ತಿದ್ದೆ. ನನ್ನನ್ನು ಅಳಿಸಲು ಅವನು ಆರಿಸಿಕೊಂಡ ಸುಳ್ಳಿದೆಯಲ್ಲ, ಅದು ನನ್ನ ಮೈಯೆಲ್ಲ ಉರಿಸಿತು. ಹೆಂಗಸು ಕಾಣೆಯಾದರೆ ಮದುವೆಯಾಗಿರಬೇಕು ಎಂದರೆ ಮುಗಿಯಿತು, ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಉಂಡ ಮನೆಗೆ ಎರಡು ಬಗೆದವನನ್ನು ಹಾಗೇ ಬಿಡುವುದಿಲ್ಲ ಎಂದು ಆ ಬೇಕರಿಯಲ್ಲಿಯೇ ನಿಶ್ಚಯಿಸಿಕೊಂಡೆ. ಹೇಗೆ ಎಂಬುದು ಮಾತ್ರ ಹೊಳೆದಿರಲಿಲ್ಲ.

ಕೊಚ್ಚಿ ಬಿಟ್ಟು ತಿರುವನಂತಪುರಕ್ಕೆ ಹೋದೆ. ಕಳಕ್ಕೂಟದ ಐಟಿ ಪಾರ್ಕಿನಲ್ಲಿದ್ದ ಚಿಕ್ಕಮ್ಮನ ಮಗಳು ತನ್ನ ಹಾಸ್ಟೆಲಿನಲ್ಲಿ ಜಾಗ ಮಾಡಿಕೊಟ್ಟಳು. ಹೊಸ ಫ್ಲ್ಯಾಟುಗಳು ಏಳುತ್ತಿದ್ದ ಊರು. ಗಾಜಿನ ಮೇಲೆ ಸಿಮೆಂಟು, ಪೇಂಟು, ಸಮುದ್ರದ ಉಪ್ಪು. ನಾನು ಚೇಚಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ ಅಲ್ಲಿಯ ಇಬ್ಬರು ಹೆಂಗಸರನ್ನು ಜೊತೆ ಸೇರಿಸಿಕೊಂಡು ಮತ್ತೆ ಶುರು ಮಾಡಿದೆ. ಅದೇ ತಾಣದಲ್ಲಿ ನನ್ನದೇ ಪುಟ ತೆರೆದೆ. ಅದರಲ್ಲಿ ನನ್ನ ಹೆಸರಿಲ್ಲ, ಮುಖವಿಲ್ಲ. ಮುಖದ ಜಾಗದಲ್ಲಿ ಒಂದು ನೀಲಿ ಬಕೆಟ್. ಒಮ್ಮೆ ಸುಟ್ಟುಕೊಂಡಿದ್ದೆನಲ್ಲ. ಆ ಪುಟ ನನ್ನದೆಂದು ನಮ್ಮ ಗಿರಾಕಿಗಳಿಗೆ ಮಾತ್ರ ಗೊತ್ತಿತ್ತು. ನಾನು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋಗಿರುತ್ತೇನೆ ಎಂದು ಅವನು ನಂಬಿದ್ದ.

ಆರೇಳು ತಿಂಗಳಾಗಿರಬೇಕು. ಒಬ್ಬ ಗಿರಾಕಿ, "ನಮ್ಮ ಮನೆಯ ಕಿಟಕಿ ಕೊಚ್ಚಿಯವರೊಬ್ಬರ ಪುಟದಲ್ಲಿಯೂ ಇದೆಯಲ್ಲ" ಎಂದರು. ಹೋಗಿ ನೋಡಿದೆ. ಅವನ ಕಮ್ಯುನಿಟಿ. ನನ್ನ ಪುಟದ ಒಂದೊಂದು ಫೋಟೊವೂ ಅಲ್ಲಿ ಸಾಲಾಗಿ ಕೂತಿತ್ತು, ತಿರುವನಂತಪುರದಲ್ಲಿಯೂ ನಮ್ಮ ಸೇವೆ ಲಭ್ಯ ಎಂಬ ಸಾಲಿನ ಜೊತೆ. ನಾನೆಂದು ತಿಳಿಯದೆ, ಯಾರೋ ಅನಾಮಧೇಯರ ಬಕೆಟ್ಟಿನಿಂದ ಕದಿಯುತ್ತಿದ್ದೇನೆ ಎಂದುಕೊಂಡೇ ಎರಡನೇ ಸಲವೂ ನನ್ನನ್ನೇ ದೋಚುತ್ತಿದ್ದ. ನನಗೆ ಸಿಟ್ಟಿನ ಜೊತೆ ನಗುವೂ ಬಂತು. ಹೊಸ ಫೋಟೊ ಹಾಕಿ ಕಾದೆ. ಮೂರನೇ ದಿನ ಅದೂ ಅಲ್ಲಿತ್ತು.

ಅದೇ ಹೊತ್ತಿಗೆ ಕಳಕ್ಕೂಟದ ಕನ್ನಡಿಗರ ಕಮ್ಯುನಿಟಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಸೂಚನೆ ಬಂತು. ಎರಡು ಟವರುಗಳ ಫ್ಲ್ಯಾಟ್ ಅಸೋಸಿಯೇಷನ್ನಿನ ಕಾರ್ಯದರ್ಶಿ ಬರೆದದ್ದು; ಧಾರವಾಡ ಕಡೆಯವರು. ವರ್ಷವಿಡೀ ಎಲ್ಲ ಕಿಟಕಿಗಳನ್ನು ನೋಡಿಕೊಳ್ಳುವವರು ಬೇಕಾಗಿದ್ದಾರೆ, ಮಾಡಿದ ಕೆಲಸದ ಫೋಟೊಗಳೊಂದಿಗೆ ಭಾನುವಾರ ಬೆಳಿಗ್ಗೆ ಬನ್ನಿ ಎಂದಿತ್ತು. ಚೇಚಿಯರಿಗೆ ವಾರಕ್ಕೆ ಎರಡು ದಿನ ಕೆಲಸ ಸಿಕ್ಕರೆ ಹೆಚ್ಚು ಎನ್ನುವಂತಿತ್ತು ನಮ್ಮ ಸ್ಥಿತಿ. ಇದು ಸಿಕ್ಕರೆ ನಾವು ಉಳಿದೆವು, ಸಿಗದಿದ್ದರೆ ನಾನು ನಿಜವಾಗಿ ಊರಿಗೆ ಹೋಗಬೇಕಿತ್ತು. ಸೂಚನೆಯ ಕೆಳಗೆ ಮೊದಲ ಉತ್ತರವೇ ಅವನದು: ಫೋಟೊ ಸಮೇತ ಬರುತ್ತೇನೆ, ಸರ್.

ಯಾವ ಫೋಟೊ? ನನ್ನವು. ಅವನದು ಹಳೆಯ ಕಮ್ಯುನಿಟಿ, ನೂರಾರು ಸದಸ್ಯರು. ನನ್ನದು ನಿನ್ನೆ ಮೊನ್ನೆಯ ಬಕೆಟ್. ಒಂದೇ ಫೋಟೊವನ್ನು ಇಬ್ಬರೂ ಮುಂದಿಟ್ಟರೆ ಕಳ್ಳಿ ಎನಿಸಿಕೊಳ್ಳುವವಳು ನಾನೇ. ಎರಡು ದಿನ ಊಟ ಸೇರಲಿಲ್ಲ.

ಮೂರನೆಯ ದಿನ ಮೈಸೂರು ಕಡೆಯ ಒಬ್ಬರ ಮನೆಯಲ್ಲಿ ಕೆಲಸ. ನವೆಂಬರ್ ತಿಂಗಳು. ಅವರ ಮಗಳು ರಾಜ್ಯೋತ್ಸವಕ್ಕೆ ಬರೆದಿದ್ದ ಹಳದಿ ಕೆಂಪಿನ ಚಿತ್ರವೊಂದು ಕಿಟಕಿಯ ಒಳಬದಿಗೆ ಅಂಟಿಸಿದ್ದು ಹಾಗೇ ಇತ್ತು. ಹೊರಗಿನಿಂದ ಗಾಜು ಒರೆಸುತ್ತ ಅದನ್ನು ನೋಡುತ್ತ ನಿಂತವಳಿಗೆ ತಟ್ಟನೆ ಹೊಳೆಯಿತು. ಒಳಗೆ ಹೋಗಿ ಆ ಮನೆಯಾಕೆಗೆ ಎಲ್ಲ ಹೇಳಿ, ಒಂದು ಹಾಳೆ ಮತ್ತು ಸ್ಕೆಚ್ ಪೆನ್ನು ಕೇಳಿದೆ.

"ಅಯ್ಯೋ, ನಿಮ್ಮಿಬ್ರ ಜಗಳಕ್ಕೆ ನಮ್ ಕಿಟಕಿ ಯಾಕ್ರೀ?" ಎಂದರು. ನಾನು ಬರೆದದ್ದನ್ನು ಓದಿದ ಮೇಲೆ ಅವರೇ ಟೇಪ್ ತಂದು ಅಂಟಿಸಿದರು.

ಸುತ್ತ ಹಳದಿ ಕೆಂಪು ಅಂಚು, ನಡುವೆ ದುಂಡಾದ ಅಕ್ಷರ. ಯಾರು ನೋಡಿದರೂ ಹಬ್ಬದ ಶುಭಾಶಯ ಎನ್ನಬೇಕು. ಬರೆದದ್ದು ಇಷ್ಟು: "ಈ ಗಾಜು ತಿಕ್ಕಿದ ಕೈ ನನ್ನದು. ಈ ಫೋಟೊ ಕದ್ದವನ ಕೈಗೆ ಸೋಪಿನ ನೀರೂ ತಾಗಿಲ್ಲ." ಪಳಪಳ ಹೊಳೆಯುವ ಗಾಜಿನ ಹಿಂದೆ ಆ ಕಾಗದ ಎಷ್ಟು ಚೆಂದ ಕಾಣುತ್ತಿತ್ತೆಂದರೆ, ನನಗೇ ನನ್ನ ಕೆಲಸದ ಮೇಲೆ ಹೆಮ್ಮೆಯಾಯಿತು. ಫೋಟೊ ತೆಗೆದು ಬಕೆಟ್ ಪುಟಕ್ಕೆ ಹಾಕಿದೆ. ಇದೇನೆಂದು ಕೇಳಿದ ಒಂದಿಬ್ಬರು ಗಿರಾಕಿಗಳಿಗೆ, ಸ್ವಲ್ಪ ದಿನ ಸುಮ್ಮನಿರಿ ಎಂದೆ.

ಎರಡೇ ದಿನಕ್ಕೆ ಗಾಳ ನುಂಗಿದ. ಅವನ ಲೆಕ್ಕಾಚಾರ ನನಗೆ ಅಂಗೈ ಗೆರೆಯಷ್ಟು ಗೊತ್ತು: ಕಾರ್ಯದರ್ಶಿ ಕನ್ನಡದವರು, ಫೋಟೊದಲ್ಲಿ ಕನ್ನಡ, ಇನ್ನೇನು ಬೇಕು? ಫೋಟೊದ ಕೆಳಗೆ ಇಂಗ್ಲಿಷಿನಲ್ಲಿ, ನಮ್ಮ ಕನ್ನಡ ಸಹೋದರರ ಮನೆಯಲ್ಲಿ ಮಾಡಿದ ಕೆಲಸ ಎಂದು ಬೇರೆ ಬರೆದಿದ್ದ. ಕನ್ನಡದ ಹುಡುಗರು ಬಿಡುತ್ತಾರೆಯೇ? ಒಬ್ಬ, "ಕಳ್ಳನ ಪ್ರಾಮಾಣಿಕತೆ ಮೆಚ್ಚಿದೆ" ಎಂದು ಬರೆದ. ಇನ್ನೊಬ್ಬಳು, "ತಪ್ಪೊಪ್ಪಿಗೆಯನ್ನು ಇಷ್ಟು ಚೆಂದ ಫ್ರೇಮ್ ಹಾಕಿಸಿದವರನ್ನು ನೋಡಿರಲಿಲ್ಲ" ಎಂದಳು. ಎಲ್ಲ ಕನ್ನಡ ಲಿಪಿಯಲ್ಲಿಯೇ. ಅವನು ಪ್ರತಿಯೊಬ್ಬರಿಗೂ ಥ್ಯಾಂಕ್ ಯೂ ಬ್ರದರ್, ಥ್ಯಾಂಕ್ ಯೂ ಸಿಸ್ಟರ್ ಎಂದು ಉತ್ತರಿಸಿದ್ದ. ಕೆಫೆಯಲ್ಲಿ ಬಾಯಿಗೆ ದುಪಟ್ಟಾ ತುರುಕಿಕೊಂಡು ನಕ್ಕೆ.

ಶನಿವಾರ ಮಧ್ಯಾಹ್ನ ನನ್ನ ಮೊಬೈಲು ಹೊಡೆದುಕೊಂಡಿತು. ಅವನು. ಕಮ್ಯುನಿಟಿಯಿಂದ ಕಿತ್ತುಹಾಕಿದ ಮೇಲೆ ಮೊದಲ ಸಲ.

"ಹೇಗಿದ್ದೀ ಮಾರಾಯ್ತಿ? ಊರಲ್ಲಿಯಾ?"

"ಹೂಂ" ಎಂದೆ.

"ಹಳೇದೆಲ್ಲ ಮನಸ್ಸಲ್ಲಿ ಇಟ್ಕೊಳ್ಬೇಡ, ಆಯ್ತಾ. ಒಂದು ಸಣ್ಣ ಉಪಕಾರ ಆಗ್ಬೇಕಿತ್ತು. ನನ್ನ ಒಂದು ಫೋಟೊಕ್ಕೆ ಸುಮಾರು ಜನ ಕನ್ನಡದಲ್ಲಿ ಬರ್ದಿದ್ದಾರೆ. ಫೋಟೊದಲ್ಲಿಯೂ ಎಂಥದೋ ಉಂಟು. ನಾಳೆ ಒಂದು ಮೀಟಿಂಗಿಗೆ ಕೊಂಡೋಗ್ಲಿಕ್ಕೆ ಉಂಟು. ನಿನ್ನನ್ನು ಬಿಟ್ರೆ ನಾನು ಯಾರತ್ರ ಕೇಳುದು?"

ಸುಳ್ಳು ಹೇಳುವುದಿಲ್ಲ. ಆ ಕೊನೆಯ ಮಾತು ನಿಜವಾಗಿತ್ತು. ಇಡೀ ಕೇರಳದಲ್ಲಿ ಅವನಿಗೆ ಕನ್ನಡ ಓದಿ ಹೇಳುತ್ತಿದ್ದವಳು ನಾನೊಬ್ಬಳೇ, ನಾನು ಹೇಳಿದ್ದನ್ನು ಅವನು ಈಗಲೂ ನಂಬುತ್ತಿದ್ದ. ಆಗ ಬೇಕರಿಯ ಆ ಹೆಂಗಸು ನನ್ನ ಕೈ ಹಿಡಿದು ಕುಲುಕಿದ್ದು ನೆನಪಾಯಿತು.

ಕೆಫೆಗೆ ಹೋಗಿ ನೋಡಿ ಹೇಳುತ್ತೇನೆ ಎಂದು ಫೋನಿಟ್ಟು, ಅರ್ಧ ಗಂಟೆ ಬಿಟ್ಟು ನಾನೇ ಫೋನ್ ಮಾಡಿದೆ. "ನೋಡಿದೆ. ರಾಜ್ಯೋತ್ಸವದ ಶುಭಾಶಯ ಅದು. ಜನ ಎಲ್ಲ ಹೊಗಳಿದ್ದಾರೆ ಮಾರಾಯ. ನಾಳೆ ಅದನ್ನೇ ದೊಡ್ಡದು ಮಾಡಿಸಿ ತಕೊಂಡು ಹೋಗು" ಎಂದೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ ಎಂದು ಹೇಳಿ ಫೋನಿಟ್ಟ.

ಭಾನುವಾರ ಅಸೋಸಿಯೇಷನ್ನಿನ ಕೋಣೆಯಲ್ಲಿ ಹತ್ತು ಹದಿನೈದು ಜನ ಸೇರಿದ್ದರು. ನಾನು ಚೇಚಿಯರ ಜೊತೆ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಅವನು ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಕೊಚ್ಚಿಯ ರೈಲಿನಿಂದ ಇಳಿದು ನೇರ ಬಂದು, ಹಿಂದೆ ತಿರುಗಿಯೂ ನೋಡದೆ ಮುಂದೆ ಹೋದ. ಚೀಲದಿಂದ ಫೋಟೊಗಳನ್ನು ತೆಗೆದು ಮೇಜಿನ ಮೇಲೆ ಹರಡಿದ. ಕನ್ನಡದ ಕಾಗದವಿದ್ದುದನ್ನು ದೊಡ್ಡದು ಮಾಡಿಸಿ, ಲ್ಯಾಮಿನೇಷನ್ ಹಾಕಿಸಿದ್ದ.

ಕಾರ್ಯದರ್ಶಿ ಅದನ್ನು ಎತ್ತಿಕೊಂಡರು. ಒಮ್ಮೆ ಓದಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು. "ಈ ಕೆಲಸ ನೀವಽ ಮಾಡಿದ್ದೇನ್ರಿ?"

"ಹೌದು ಸಾರ್, ನಾನೇ ನಿಂತು ಮಾಡ್ಸಿದ್ದು."

"ಹಂಗಾರ ಇದರಾಗ ಏನ ಬರದೈತಿ, ಒಂದೀಟ ಓದಿ ಹೇಳ್ರಿ ನೋಡೋಣು. ಎಲ್ಲಾರೂ ಕೇಳಲಿ."

"ರಾಜ್ಯೋತ್ಸವದ ಶುಭಾಶಯ ಸಾರ್" ಎಂದ, ಹಲ್ಲು ಬಿಟ್ಟು.

"ನಾನು ಓದ್ತೇನೆ" ಎಂದು ನಾನು ಎದ್ದು ನಿಂತೆ.

ತಿರುಗಿ ನೋಡಿದ. ಮುಖದ ಬಣ್ಣ ಇಳಿಯಿತು ಎನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡದ್ದು ಅವತ್ತೇ. ನಾನು ಮೇಜಿನ ಬಳಿ ಹೋಗಿ ಫೋಟೊ ಕೈಗೆತ್ತಿಕೊಂಡೆ. ಒಂದೊಂದೇ ಪದ ಬಿಡಿಸಿ, ಶಾಲೆಯ ಮಕ್ಕಳಿಗೆ ಓದಿ ಹೇಳುವಂತೆ ಓದಿದೆ. ಕಿವಿಗೆ ಬಿದ್ದ ಕನ್ನಡ ಅವನಿಗೆ ಚೆನ್ನಾಗಿಯೇ ಅರ್ಥವಾಗುತ್ತಿತ್ತು. ಎರಡನೇ ಸಾಲು ಮುಗಿಯುವ ಮೊದಲೇ ಕುರ್ಚಿಯ ಬೆನ್ನು ಹಿಡಿದುಕೊಂಡ. "ಎಂದಾ ಮೋಳೇ, ಎಂದಾ?" ಏನು ಮಗಳೇ ಎಂದು ಹಿಂದಿನಿಂದ ಚೇಚಿಯೊಬ್ಬರು ಕೇಳಿದರು. ಅದನ್ನು ಮಲಯಾಳದಲ್ಲಿಯೂ ಹೇಳಿ, ಬರೆದ ಕೈ ನನ್ನದೇ ಎಂದೆ. ಕೋಣೆಯಲ್ಲಿ ನಗು ಎದ್ದಿತು. ಕಾರ್ಯದರ್ಶಿ ಮಾತ್ರ ನಗಲಿಲ್ಲ. ಅವನ ಮುಂದಿದ್ದ ಬಾಕಿ ಫೋಟೊಗಳನ್ನು ಒಟ್ಟು ಮಾಡಿ ನನ್ನ ಕೈಗಿತ್ತರು.

ಟವರುಗಳ ಕೆಲಸ ನಮಗೆ ಸಿಕ್ಕಿತು. ಮಾತು ಮುಗಿಸಿ ಹೊರಬಂದಾಗ ಅವನು ಇನ್ನೂ ಗೇಟಿನ ಬಳಿ ನಿಂತಿದ್ದ, ಖಾಲಿ ಚೀಲವನ್ನು ಮಡಚುತ್ತ. ಬೈಯುತ್ತಾನೆ ಎಂದುಕೊಂಡೆ. ನಾನೂ ಹೇಳಬೇಕಾದ್ದನ್ನೆಲ್ಲ ಇಷ್ಟು ತಿಂಗಳಿಂದ ಸಿದ್ಧ ಮಾಡಿಟ್ಟುಕೊಂಡಿದ್ದೆ. ಆದರೆ ಅವನು ತಲೆ ತಗ್ಗಿಸಿ ಕೇಳಿದ್ದು ಒಂದೇ.

"ನಿನ್ನೆ ಫೋನಲ್ಲೇ ಹೇಳ್ಬಹುದಿತ್ತಲ್ಲ ನಿಂಗೆ?"

"ಹೇಳ್ಬಹುದಿತ್ತು" ಎಂದೆ.