ಗೋಡೆಯ ಗೀಟು ದಾಟದ ಬೆಳಕು

ಎದುರಿನಿಂದ ಬಂದ ಸೈಕಲ್ಲಿನ ಲೈಟು ಕಣ್ಣಿಗೆ ಹೊಡೆದದ್ದೇ ತಡ, ಗಂಗಾಧರಯ್ಯ ಸೈಕಲ್ ಸಮೇತ ಮಾಗಡಿ ರಸ್ತೆಯ ಚರಂಡಿಗಿಳಿದರು. ಕಚೇರಿಯಲ್ಲಿ ಹೆಡ್ ಗುಮಾಸ್ತರು, ರಾಜಾಜಿನಗರದಲ್ಲಿ ನಾಲ್ಕು ಜನ ನಮಸ್ಕಾರ ಹಾಕುವ ಮನುಷ್ಯ. ಚೈನಿಗೆ ಸಿಕ್ಕ ಪಂಚೆ ಬಿಡಿಸಿಕೊಳ್ಳುತ್ತಿದ್ದಾಗ ಆ ನಾಲ್ಕೂ ಜನ ಅಲ್ಲೇ ಇದ್ದರು. ಕೈ ಕೊಟ್ಟವರು ಮಾತ್ರ ಪಕ್ಕದ ಬೀದಿಯ ಗುರುಬಸಪ್ಪ.

"ಲೈಟು ಹೊಡೀತೇನ್ರಿ?"

"ಇಲ್ಲಪ್ಪ, ಚರಂಡಿ ಎಷ್ಟು ಆಳ ಇದೆ ಅಂತ ನೋಡೋಕಿಳಿದೆ."

ಗುರುಬಸಪ್ಪ ನಗಲಿಲ್ಲ. ಹಿಂದಿನ ವರ್ಷ ಇಂಥದೇ ಬೆಳಕಿಗೆ ಕಣ್ಣು ಕತ್ತಲಿಟ್ಟ ಸವಾರನೊಬ್ಬ, ಇದೇ ರಸ್ತೆಯ ಅಂಚಿನಲ್ಲಿ ನಡೆಯುತ್ತಿದ್ದ ಅವರ ಹೆಂಡತಿ ನೀಲಮ್ಮನ ಮೇಲೆ ಸೈಕಲ್ಲು ಹಾಯಿಸಿದ್ದ. ಆಕೆ ಉಳಿಯಲಿಲ್ಲ.

ದಾವಣಗೆರೆ ಕಡೆಯಿಂದ ಬಂದು ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದ ಗುರುಬಸಪ್ಪ ಅಂದಿನಿಂದ ಮನೆಯಲ್ಲಿ ಸೈಕಲ್ ಲೈಟು ಮಾಡುತ್ತ ಕೂತಿದ್ದರು. ಬಲ್ಬಿನ ಅಡಿಗೆ ಉಗುರಿನಷ್ಟು ತಗಡಿನ ಬಟ್ಟಲು. ಅದು ಲೈಟಿನೊಳಗಿನ ಹೊಳಪು ತಗಡಿನ ಕೆಳಭಾಗಕ್ಕೆ ಬಡಿದು ಮೇಲಕ್ಕೆ ಚಿಮ್ಮುವ ಬೆಳಕನ್ನು ತಡೆಯಬೇಕು. ಗಾಜಿನ ಉದ್ದುದ್ದ ಗೀರುಗಳು ಉಳಿದದ್ದನ್ನು ರಸ್ತೆಯ ಅಗಲಕ್ಕೆ ಹರಡಬೇಕು. ನೀಲಮ್ಮ ಕನ್ನಡಿ ತೂಗುಹಾಕುತ್ತಿದ್ದ ಗೋಡೆಗೆ ಎದೆಯೆತ್ತರದಲ್ಲಿ ಇದ್ದಿಲಿನ ಗೀಟೆಳೆದಿದ್ದರು. ಬೆಳಕು ಅದನ್ನು ದಾಟಿದರೆ ಬಟ್ಟಲನ್ನು ಮತ್ತೆ ಬಡಿಯುವುದು. ಕೊನೆಗೊಂದು ದಿನ ದಾಟಲಿಲ್ಲ.

ಚರಂಡಿಯ ಋಣ ತೀರಿಸಲು ಗಂಗಾಧರಯ್ಯ ಅವರನ್ನು ಸೈಕಲ್ ಅಂಗಡಿಯ ಮುನಿವೆಂಕಟಪ್ಪನ ಬಳಿಗೆ ಕರೆದೊಯ್ದರು. ಮೊದಲ ಲೈಟನ್ನು ತಾವೇ ಪರೀಕ್ಷಿಸುವ ಗತ್ತಿನಲ್ಲಿ ಬಗ್ಗಿ, ಅದರೊಳಕ್ಕೇ ಕಣ್ಣಿಟ್ಟು, "ಸ್ವಲ್ಪ ಮಂಕು ಅಲ್ವೇ?" ಎಂದುಬಿಟ್ಟರು.

"ನೀವೇ ಹಿಂಗಂದ್ರೆ ಗಿರಾಕಿ ಏನಂತಾನೆ ಸ್ವಾಮಿ?" ಎಂದ ಮುನಿವೆಂಕಟಪ್ಪ. "ನಾನು ಪೆಡಲ್ ತಿರುಗಿಸ್ತೀನಿ, ಅವನು ಮುಂದೆ ಕುಕ್ಕರಗಾಲಲ್ಲಿ ಕೂತು ಲೈಟನ್ನೇ ನೋಡ್ತಾನೆ. ಕಣ್ಣಲ್ಲಿ ನೀರು ಬಂದ್ರೆ ತಗೊಳ್ತಾನೆ. ಇದನ್ನ ನೋಡಿದ್ರೆ ಆಕಳಿಸ್ತಾನೆ!"

"ಅವರು ನೋಡಬೇಕಾದ್ದು ರಸ್ತೇನ," ಎಂದರು ಗುರುಬಸಪ್ಪ.

"ರಸ್ತೆ ನಾನು ಮಾರಲ್ಲ ಗುರುಬಸಪ್ಪನೋರೆ."

ಆದರೂ ಹತ್ತಿಪ್ಪತ್ತು ಲೈಟು ಇಟ್ಟುಕೊಂಡ. ಶ್ರಾವಣ ಮುಗಿಯುವಷ್ಟರಲ್ಲಿ ಒಂದೂ ಉಳಿಯಲಿಲ್ಲವೆಂದು ಕೇಳಿ ಗಂಗಾಧರಯ್ಯ ಗೆದ್ದವರಂತೆ ಗುರುಬಸಪ್ಪನವರನ್ನು ಅಂಗಡಿಗೆ ಎಳೆದೊಯ್ದರು. ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಡಬ್ಬಿಯ ತುಂಬ ತಗಡಿನ ಬಟ್ಟಲುಗಳಿದ್ದವು.

"ಇಕ್ಕಳದಲ್ಲಿ ಕಿತ್ತುಕೊಟ್ಟೆ," ಎಂದ ಮುನಿವೆಂಕಟಪ್ಪ, ತನ್ನ ಉಪಾಯಕ್ಕೆ ತಾನೇ ಬೀಗುತ್ತ. "ಏನು ಹೊಡೀತವೆ ಅಂತೀರಿ! ಪೇಟೆ ಲೈಟೂ ಹಂಗೆ ಹೊಡೆಯಲ್ಲ. ಇನ್ನಷ್ಟು ಮಾಡ್ಕೊಡಿ."

ಗುರುಬಸಪ್ಪ ಡಬ್ಬಿಯೊಳಕ್ಕೆ ಕೈ ಹಾಕಿ ಒಂದು ಬಟ್ಟಲನ್ನು ತೆಗೆದು, ಸೊಟ್ಟಗಾಗಿದ್ದ ಅಂಚನ್ನು ಹೆಬ್ಬೆರಳಿನಿಂದ ನೇರಮಾಡಿ, ಮತ್ತೆ ಅಲ್ಲೇ ಹಾಕಿದರು. ಹೊರಗೆ ಮಬ್ಬುಗತ್ತಲು ಕವಿಯುತ್ತಿತ್ತು. ಕಾರ್ಖಾನೆ ಬಿಟ್ಟ ಸೈಕಲ್ಲುಗಳ ಸಾಲು ಬರುತ್ತಿತ್ತು; ನಡುನಡುವೆ ಗೀರುಗಾಜಿನ ಲೈಟುಗಳು ರಸ್ತೆಯನ್ನು ಬಿಟ್ಟು ಮುಖಗಳನ್ನು ಬೆಳಗುತ್ತಿದ್ದವು. ಅಂಚಿನಲ್ಲಿ ಸೊಪ್ಪಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಕಣ್ಣಿಗೆ ಕೈ ಅಡ್ಡಹಿಡಿದು ನಿಂತಳು.

ಗಂಗಾಧರಯ್ಯನವರಿಗೆ ಏನಾದರೂ ಹೇಳಬೇಕೆನ್ನಿಸಿತು. ಹೊಳೆದದ್ದು ಇಷ್ಟೇ: "ಇನ್ಮೇಲೆ ಸಾಯಂಕಾಲ ಈ ರಸ್ತೇಲಿ ಹೆಂಗ್ರೀ ಓಡಾಡ್ತೀರಿ?"

"ಮಧ್ಯಾಹ್ನ ಓಡಾಡ್ತೀನ್ರಿ," ಎಂದರು ಗುರುಬಸಪ್ಪ.